ಕೊಕ್ಕರೆ ಕಂಪನಿಯ ಬೇಲಿ

ಮಿಸೌರಿ ಸಿಟಿ, ಹ್ಯೂಸ್ಟನ್
ಡಿಸೆಂಬರ್ ೧೨, ೨೦೧೬

ಪ್ರೀತಿಯ ಅತ್ತಿಗೆಗೆ,

ಭಾಸ್ಕರನ ನಮಸ್ಕಾರ. ಕವರಿನ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡಿ. ನಾನು, ನಾಗಮಣಿ ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದಿರುವುದು ನನ್ನ ಆಫೀಸಿನ ಮೇಜು ಮಾತ್ರ.

ಇವತ್ತು ಬೆಳಗ್ಗೆ ಕಾನೂನು ವಿಭಾಗದಿಂದ ಒಂದು ಫೈಲು ಬಂತು. ಮುಂದಿನ ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ಮತಕ್ಕೆ ಹಾಕಬೇಕೆಂದು ಷೇರುದಾರರೊಬ್ಬರು ಕಳಿಸಿರುವ ಗೊತ್ತುವಳಿ. ನಮ್ಮ ಪೆಟ್ರೋಲ್ ಟ್ಯಾಂಕುಗಳ ಬೇಲಿಯುದ್ದಕ್ಕೂ ಗಾಳಿ ಅಳೆಯುವ ಯಂತ್ರ ಇಡಬೇಕಂತೆ, ಅದು ತೋರಿಸುವ ಅಂಕಿಗಳನ್ನು ದಿನವೂ ಊರಿಗೆಲ್ಲ ಕಾಣುವಂತೆ ಪ್ರಕಟಿಸಬೇಕಂತೆ. ಯಾರೋ ಕಾಲೇಜಿನವರ ಉತ್ಸಾಹ ಎಂದುಕೊಂಡು ಕೆಳಗೆ ಹೆಸರು ನೋಡಿದೆ. ರಾಜಲಕ್ಷ್ಮಿ ಬದರಿನಾಥ, ಇರ್ವಿಂಗ್.

ನಿಮ್ಮ ಮೈದುನ ಇದೇ ಸಿಲ್ವರ್ ಹೆರಾನ್ ಟರ್ಮಿನಲ್ಸ್‌ನಲ್ಲಿ, ಅಂದರೆ ನಮ್ಮ ಬೆಳ್ಳಿ ಕೊಕ್ಕರೆ ಕಂಪನಿಯಲ್ಲಿ, ಏನು ಮಾಡುತ್ತಾನೆ ಎಂಬುದು ನಿಮಗೆ ಮರೆತಿರಲಾರದು. ಪರಿಸರ, ಸಮಾಜ, ಆಡಳಿತ ಎಂದು ಮೂರು ತಲೆಬರಹ ಕೊಟ್ಟು, ಮುಖಪುಟಕ್ಕೆ ತಿಳಿನೀರಿನಲ್ಲಿ ನಿಂತ ಕೊಕ್ಕರೆಯ ಚಿತ್ರ ಹಾಕಿಸಿ, ನಮ್ಮ ಕಂಪನಿ ಎಷ್ಟು ಸಭ್ಯ ಎಂದು ವರ್ಷಕ್ಕೊಮ್ಮೆ ವರದಿ ಬರೆಯುವವನು ನಾನು. ಅದನ್ನು ಓದಿ ದೊಡ್ಡ ದೊಡ್ಡ ಪಿಂಚಣಿ ನಿಧಿಗಳು ನಮ್ಮ ಷೇರು ಕೊಳ್ಳುತ್ತವೆ. ನೀವೂ ಕೊಂಡಿರಿ. ೨೦೧೪ರ ಯುಗಾದಿ ಊಟದ ದಿನ ಹೋಳಿಗೆ ಬಡಿಸುತ್ತಾ ನಾನೇ ಹೇಳಿದ್ದೆ, 'ಅತ್ತಿಗೆ, ನಮ್ಮ ಕೊಕ್ಕರೆ ಹಾರುತ್ತೆ, ಸ್ವಲ್ಪ ತಗೊಳಿ' ಅಂತ. ಹಾರಿ, ತಿರುಗಿ ಬಂದು ನನ್ನ ತಲೆಯನ್ನೇ ಕುಕ್ಕುತ್ತದೆ ಎಂದು ಎಣಿಸಿರಲಿಲ್ಲ.

ಕಾಗದ ಯಾಕೆ ಎಂದರೆ, ಈ ವಿಷಯವಾಗಿ ಅರ್ಜಿದಾರರ ಜೊತೆ ಫೋನ್, ಈಮೇಲ್, ಮೆಸೇಜ್ ಕೂಡದು ಎಂದು ನಮಗೆಲ್ಲ ಸುತ್ತೋಲೆ ಬಂದಿದೆ. ಅದರಲ್ಲಿ ಅಂಚೆಯ ಹೆಸರಿಲ್ಲ. ನಮ್ಮ ವಕೀಲರು ಚಿಕ್ಕ ವಯಸ್ಸಿನವರು, ಅಂಚೆ ಇನ್ನೂ ಇದೆ ಎಂದು ಅವರಿಗೆ ತಿಳಿದಿಲ್ಲ. ನೀವು ನನ್ನ ಅತ್ತಿಗೆ ಎಂಬುದೂ ತಿಳಿದಿಲ್ಲ. ನಮ್ಮಲ್ಲಿ ಅಣ್ಣತಮ್ಮಂದಿರಿಗೆ ಒಂದೇ ಸರ್‌ನೇಮ್ ಇಲ್ಲದಿರುವುದು ಈ ದೇಶದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಎರಡು ಸಾಲು ಬರೆದು ಹಿಂದಕ್ಕೆ ತೆಗೆದುಕೊಂಡುಬಿಡಿ.

ಕೊಕ್ಕರೆ ಸಂಬಳ ಕೊಟ್ಟಿತು ಎಂದರೆ
ಅಕ್ಕರೆ ಉಕ್ಕುವುದು;
ಲೆಕ್ಕವ ಕೇಳುತ ಅತ್ತಿಗೆ ಬಂದರೆ
ಬಿಕ್ಕಳಿಕೆ ಹತ್ತುವುದು.

ಅಣ್ಣನಿಗೆ ನಮಸ್ಕಾರ ತಿಳಿಸಿ.

ನಿಮ್ಮ
ಭಾಸ್ಕರ

*

ಇರ್ವಿಂಗ್
ಜನವರಿ ೩, ೨೦೧೭

ಚಿ. ಭಾಸ್ಕರನಿಗೆ ಆಶೀರ್ವಾದ.

ಪದ್ಯ ಚೆನ್ನಾಗಿದೆ. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಯಾಕೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಅಕ್ಟೋಬರಿನಲ್ಲಿ ನಿಮ್ಮ ಕಂಪನಿಯ ಫ್ಯಾಮಿಲಿ ಡೇಗೆ ನಮ್ಮನ್ನು ಕರೆದುಕೊಂಡು ಹೋಗಿದ್ದೆಯಲ್ಲ. ಶಾಮಿಯಾನ, ಬಲೂನು, ಮಕ್ಕಳಿಗೆಲ್ಲ ಕೊಕ್ಕರೆಯ ಮುಖವಾಡ. ಸಸ್ಯಾಹಾರಿಗಳಿಗೆ ಬರೀ ಜೋಳದ ತೆನೆ. ನಿಮ್ಮಣ್ಣ ಇನ್ನೊಂದು ತೆನೆಗೆ ಕೈಹಾಕಿದಾಗ ನಾನು ಸ್ವಲ್ಪ ಅಡ್ಡಾಡಿ ಬರೋಣವೆಂದು ಬೇಲಿಯ ಕಡೆ ಹೋದೆ. ಆಚೆ ಒಂದು ಮನೆಯ ಹಿತ್ತಲು. ನನ್ನ ವಯಸ್ಸಿನ ಹೆಂಗಸೊಬ್ಬರು ಹಗ್ಗದ ಮೇಲಿನ ಬಟ್ಟೆಗಳನ್ನು ಒದ್ದೆಯಾಗಿರುವಾಗಲೇ ಎಳೆದು ಬುಟ್ಟಿಗೆ ಹಾಕುತ್ತಿದ್ದರು. ಇನ್ನೂ ಒಣಗಿಲ್ಲವಲ್ಲ ಎಂದೆ. ವಾಸನೆ ಬಂತಲ್ಲ ಎಂದರು. ನನಗೂ ಬಂದಿತ್ತು, ಸೀಮೆಎಣ್ಣೆಗೆ ಯಾರೋ ಸಕ್ಕರೆ ಕಲಸಿದ ಹಾಗೆ.

ಅವರ ಹೆಸರು ಮಿಸೆಸ್ ಒರ್ಟೇಗಾ. ನನ್ನ ಕೊರಳಿನಲ್ಲಿದ್ದ ನಿಮ್ಮ ಕಂಪನಿಯ ಬ್ಯಾಡ್ಜು ನೋಡಿ ಹೇಳಿದರು: "ಕಂಪನಿ ಮುಚ್ಚಿ ಅಂತ ನಾನು ಹೇಳ್ತಿಲ್ಲ. ನನ್ನ ಮಗ ಒಳಗೇ ಕೆಲಸ ಮಾಡ್ತಾನೆ. ಬಟ್ಟೆ ಯಾವಾಗ ಒಳಗೆ ತರಬೇಕು, ಮೊಮ್ಮಗಳನ್ನ ಯಾವಾಗ ಒಳಗೆ ಕರೀಬೇಕು, ಅಷ್ಟು ಗೊತ್ತಾದ್ರೆ ಸಾಕು."

ಕ್ಲಿನಿಕ್ಕಿನಲ್ಲಿ ದಿನವೂ ರೋಗಿಗಳ ಬಾಯಿಗೆ ಕೊಳವೆ ಕೊಟ್ಟು 'ಊದಿ, ಇನ್ನೂ ಊದಿ' ಎಂದು ಉಸಿರು ಅಳೆಯುವವಳು ನಾನು. ಒಳಗಿನ ಗಾಳಿ ನಾನು ಅಳೆದರೆ ಹೊರಗಿನದನ್ನು ಯಾರು ಅಳೆಯುತ್ತಾರೆ ಎಂದು ಅಲ್ಲಿಯವರೆಗೆ ಯೋಚಿಸಿರಲೇ ಇಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಇದನ್ನೆಲ್ಲ ನಿನಗೆ ಹೇಳಿದೆ. ನೀನು ಏಸಿ ಜಾಸ್ತಿ ಮಾಡಿದೆ.

ಸಂಹಿತಾ ಆಸ್ಟಿನ್ನಿನ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೂತು ನಿಯಮ ಹುಡುಕಿಕೊಟ್ಟಳು. ಒಂದಿಷ್ಟು ಷೇರು ಒಂದು ವರ್ಷದಿಂದ ಕೈಯಲ್ಲಿದ್ದರೆ ಯಾರು ಬೇಕಾದರೂ ಗೊತ್ತುವಳಿ ಕಳಿಸಬಹುದಂತೆ. ಸಭೆ ಮುಗಿಯುವವರೆಗೆ ಆ ಷೇರು ಮಾರಬಾರದು, ಸಭೆಗೆ ಹೋಗಿ ಮಂಡಿಸಬೇಕು. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ ಎಂದು ಬೈಯುತ್ತಿದ್ದೆ. ಈ ಸಲ ಅದೇ ಅನುಕೂಲವಾಯಿತು.

ನಿನ್ನ ಕೆಲಸಕ್ಕೆ ಇದರಿಂದ ಕುತ್ತು ಬರುತ್ತದೆಯೇ? ಅದನ್ನು ನೀನು ಬರೆದಿಲ್ಲ, ಪದ್ಯ ಬರೆದಿದ್ದೀಯ. ಬರುವುದಾದರೆ ನೇರವಾಗಿ ಹೇಳು.

ನಿನ್ನ ಅತ್ತಿಗೆ
ರಾಜಲಕ್ಷ್ಮಿ

*

ಮಿಸೌರಿ ಸಿಟಿ
ಫೆಬ್ರವರಿ ೯, ೨೦೧೭

ಅತ್ತಿಗೆ,

ಕುತ್ತೂ ಇಲ್ಲ, ತುತ್ತಿಗೆ ಕೊರತೆಯೂ ಇಲ್ಲ. ಆ ಚಿಂತೆ ಬಿಡಿ.

ನಿಮ್ಮ ಗೊತ್ತುವಳಿಯನ್ನು ತಳ್ಳಿಹಾಕಲು ವಕೀಲರು ನಿಯಮದಲ್ಲಿ ಸಂದು ಹುಡುಕಿದರು, ಸಿಗಲಿಲ್ಲ. ಸಂಹಿತಾಗೆ ನನ್ನ ಕಡೆಯಿಂದ ಶಹಭಾಸ್ ಹೇಳಿ, ಆದರೆ ಜೋರಾಗಿ ಹೇಳಬೇಡಿ. ಷೇರುದಾರರಿಗೆ ಹೋಗುವ ಪುಸ್ತಿಕೆಯಲ್ಲಿ ಅದು ಅಚ್ಚಾಗುತ್ತದೆ. ಅದರ ಕೆಳಗೆ, ಇದಕ್ಕೆ ಯಾಕೆ ಮತ ಕೊಡಬಾರದು ಎಂದು ಕಂಪನಿಯ ಹೇಳಿಕೆಯೂ ಇರುತ್ತದೆ. ಅದು ಪದ್ಧತಿ. ಅದನ್ನು ಇಲ್ಲಿ ಯಾರೋ ಬರೆಯುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸ್ಟಾಫರ್ಡ್ ಅಂಗಡಿಗೆ ಅವರೆಕಾಳು ಬಂದಿದೆ, ಫ್ರೋಜನ್ನು. ನಾಗಮಣಿ ಬಿಡಿಸುವ ಕೆಲಸ ಉಳಿಯಿತೆಂದು ಖುಷಿಪಟ್ಟಳು. ನನಗೆ ಮಾತ್ರ ಈಚೆಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಮೀಟಿಂಗಿನ ನಡುವೆ ಎದ್ದು ನೀರು ಕುಡಿಯಲು ಹೋಗುತ್ತೇನೆ. ನೀರಿನ ಹತ್ತಿರ ಹೋದ ಮೇಲೆ ಬಾಯಾರಿಕೆ ಇಲ್ಲ ಎಂದು ಗೊತ್ತಾಗುತ್ತದೆ. ಹೋದ ಶನಿವಾರ ತರಕಾರಿಗೆಂದು ಹೊರಟವನು ಟ್ಯಾಂಕುಗಳಿರುವ ನಮ್ಮ ಟರ್ಮಿನಲ್ಲಿನ ತನಕ ಡ್ರೈವ್ ಮಾಡಿ, ಗಾಜು ಇಳಿಸದೆ ತಿರುಗಿ ಬಂದೆ. ತರಕಾರಿ ಎಲ್ಲಿ ಎಂದಳು ನಾಗಮಣಿ. ಚೆನ್ನಾಗಿರಲಿಲ್ಲ ಎಂದೆ.

ಭಾಸ್ಕರ

*

ಇರ್ವಿಂಗ್
ಮಾರ್ಚ್ ೩೧, ೨೦೧೭

ಭಾಸ್ಕರ,

ಪುಸ್ತಿಕೆ ಬಂತು. ನನ್ನ ಗೊತ್ತುವಳಿಯ ಕೆಳಗೆ ಕಂಪನಿಯ ಹೇಳಿಕೆಯನ್ನೂ ಓದಿದೆ. ಯಂತ್ರ ಇಡುವುದು ಅನಗತ್ಯ, ಅಂಕಿಗಳು ಜನರಲ್ಲಿ ಗೊಂದಲ ಹುಟ್ಟಿಸುತ್ತವೆ, ಕಂಪನಿ ಈಗಾಗಲೇ ಬೇಕಾದಷ್ಟು ಮಾಡುತ್ತಿದೆ. ಕೊನೆಯಲ್ಲಿ ಒಂದು ವಾಕ್ಯ: 'ದಿ ಏರ್ ವಿ ಶೇರ್ ಈಸ್ ಇನ್ ಅವರ್ ಕೇರ್.'

ಹ್ಯೂಸ್ಟನ್ನಿನ ಯಾವ ವಕೀಲನೂ ಒಂದೇ ವಾಕ್ಯಕ್ಕೆ ಮೂರು ಪ್ರಾಸ ಹಾಕುವುದಿಲ್ಲ. ನಿನ್ನ ಮದುವೆಯ ಕರೆಯೋಲೆಯಲ್ಲಿ 'ಊಟ, ನೋಟ, ಒಡನಾಟ' ಎಂದು ಬರೆದವನು ನೀನು.

ಸಿಟ್ಟಿಲ್ಲ. ಸಂಬಳದ ಕೆಲಸ, ಮಾಡಿದ್ದೀಯ. ಆದರೆ 'ಯಾರೋ ಬರೆಯುತ್ತಾರೆ' ಎಂದು ನನಗೆ ಬರೆಯುವಾಗ ಆ ಯಾರೋ ಯಾರು ಎಂದು ನಿನಗೆ ಗೊತ್ತಿತ್ತು. ಅದೊಂದು ಚುಚ್ಚುತ್ತಿದೆ. ಜನರಲ್ಲಿ ಗೊಂದಲ ಎಂದಿದ್ದೀಯಲ್ಲ, ಮಿಸೆಸ್ ಒರ್ಟೇಗಾಗೆ ಯಾವ ಗೊಂದಲವೂ ಇರಲಿಲ್ಲ.

ರಾಜಲಕ್ಷ್ಮಿ

*

ಮಿಸೌರಿ ಸಿಟಿ
ಏಪ್ರಿಲ್ ೭, ೨೦೧೭

ಅತ್ತಿಗೆ,

ಹೌದು, ನಾನೇ.

ಫೆಬ್ರವರಿಯಲ್ಲಿ ನಿಮಗೆ ಕಾಗದ ಬರೆಯಲು ಕೂತಾಗ ಆ ಹೇಳಿಕೆ ಅರ್ಧ ಆಗಲೇ ಬರೆದಾಗಿತ್ತು. ಸಭೆ ಮೇ ಹನ್ನೊಂದಕ್ಕೆ, ಆಸ್ಟಿನ್ನಿನ ಹೋಟೆಲಿನಲ್ಲಿ. ಬರುವ ಷೇರುದಾರರಿಗೆ ಮೈಕು ಕೊಡುವ ವ್ಯವಸ್ಥೆಯೂ ನನ್ನದೇ. ನಿಮ್ಮ ಕೈಗೆ ಮೈಕು ನಾನೇ ಕೊಡುತ್ತೇನೆ.

ಪ್ರಾಸ ಹೊಳೆಯುತ್ತಿಲ್ಲ.

ಭಾಸ್ಕರ

*

ಇರ್ವಿಂಗ್
ಏಪ್ರಿಲ್ ೩೦, ೨೦೧೭

ಭಾಸ್ಕರ,

ಒಂದು ಅನಾಹುತವಾಗಿದೆ. ಯಾರಿಗೆ ಹೇಳಲಿ ಎಂದು ಯೋಚಿಸಿದರೆ ಎದುರು ಪಕ್ಷದ ನೀನೇ ನೆನಪಿಗೆ ಬಂದೆ.

ಮೊನ್ನೆ ಶುಕ್ರವಾರ ಅಕ್ಷಯ ತೃತೀಯಾ. ಕ್ಲಿನಿಕ್ಕಿನಿಂದ ಬರುವಷ್ಟರಲ್ಲಿ ನಿಮ್ಮಣ್ಣ ಪಂಚೆ ಉಟ್ಟು, ದೇವರ ಮುಂದೆ ದೀಪ ಹಚ್ಚಿ, ಒಂದು ಸಣ್ಣ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ಒಳಗೆ ಒಂದು ಜೊತೆ ಬಳೆ. ಪ್ರತಿ ವರ್ಷ ಕಡ್ಲೆಕಾಳಿನಷ್ಟು ಗುಂಡು ತರುವವರು ಈ ಸಲ ಬಳೆ ತಂದಿದ್ದಾರಲ್ಲ ಎಂದು ನನಗೂ ಹಿಗ್ಗಾಯಿತು. ಕೈಗೆ ಹಾಕಿಕೊಂಡು ದೇವರಿಗೆ ಅಡ್ಡಬಿದ್ದು ಎದ್ದಮೇಲೆ ಹೇಳಿದರು:

"ನಿನಗೋಸ್ಕರ ಆ ದರಿದ್ರ ಕೊಕ್ಕರೆ ಷೇರನ್ನೆಲ್ಲ ಮಾರಿಬಿಟ್ಟೆ ಕಣೆ. ಬೇರೆಯವರ ಉಸಿರು ಕೆಡಿಸೋ ಕಂಪನಿ ಕಾಗದ ನಮ್ಮನೇಲಿ ಯಾಕಿರಬೇಕು? ನೀನು ಆರು ತಿಂಗಳಿಂದ ಸಂಕಟಪಡೋದು ನೋಡ್ತಿದ್ದೀನಲ್ಲ."

ಸಭೆ ಮುಗಿಯೋವರೆಗೆ ಮಾರೋ ಹಾಗಿಲ್ಲ ಎಂದು ಹೇಳಿರಲಿಲ್ವಾ ಎಂದೆ. ಅರ್ಜಿ ಹಾಕಿ, ಪುಸ್ತಕದಲ್ಲಿ ಅಚ್ಚೂ ಆಗಿದೆ, ಇನ್ನೇನು ಎಂದುಕೊಂಡರಂತೆ. ಖಾತೆ ಇಬ್ಬರ ಹೆಸರಿನಲ್ಲಿದೆ, ಒಬ್ಬರು ಒತ್ತಿದರೆ ಮುಗಿಯಿತು. ಈಗ ಅಂಗಡಿಗೆ ಹೋಗಿ ಬಳೆ ವಾಪಸ್ ಮಾಡುತ್ತೇನೆ ಎಂದು ಹೊರಟರು. ಅಕ್ಷಯ ತೃತೀಯಾ ದಿನ ತಂದ ಚಿನ್ನ ಯಾರಾದರೂ ಹಿಂದಿರುಗಿಸುತ್ತಾರೆಯೇ? ಹಿಂದಿರುಗಿಸಿ ಷೇರು ಕೊಂಡರೂ ಅದು ಹೊಸ ಷೇರು, ಮತ್ತೆ ಒಂದು ವರ್ಷ ಕಾಯಬೇಕು.

ಅವರ ಮೇಲೆ ಕೂಗಾಡೋಣವೆಂದರೆ ಅವರು ಮಾಡಿದ್ದು ನನ್ನ ಸಂಕಟಕ್ಕಾಗಿ. ಬಳೆ ತೆಗೆದಿಡೋಣವೆಂದರೆ ಅವರ ಮುಖ ನೋಡಲಾಗುವುದಿಲ್ಲ. ಕೈ ಆಡಿಸಿದಾಗಲೆಲ್ಲ ಸದ್ದಾಗುತ್ತದೆ. ಏನು ಮಾಡಲಿ?

ರಾಜಲಕ್ಷ್ಮಿ

*

ಮಿಸೌರಿ ಸಿಟಿ
ಮೇ ೩, ೨೦೧೭

ಅತ್ತಿಗೆ,

ಏನೂ ಮಾಡಬೇಡಿ. ಯಾರಿಗೂ ಹೇಳಬೇಡಿ.

ಷೇರು ನಿಮ್ಮ ಕೈಯಲ್ಲಿದೆ ಎಂಬ ನಿಮ್ಮ ಬ್ರೋಕರಿನ ಪತ್ರವನ್ನು ಕಂಪನಿ ಡಿಸೆಂಬರಿನಲ್ಲಿ ಒಮ್ಮೆ ನೋಡಿದೆ. ಮತ್ತೆ ನೋಡುವುದಿಲ್ಲ, ನೋಡಿದ ಉದಾಹರಣೆಯೇ ಇಲ್ಲ. ಹನ್ನೊಂದನೇ ತಾರೀಖು ಬನ್ನಿ, ಮೂರು ನಿಮಿಷ ಓದಿ, ಮನೆಗೆ ಹೋಗಿ. ನಿಮಗೆ ಬಹುಮತ ಬರುವುದಿಲ್ಲ. ಆದರೆ ಎರಡು ಪಿಂಚಣಿ ನಿಧಿಗಳು ನಿಮ್ಮ ಪರ ಮತ ಹಾಕುತ್ತಿವೆ ಎಂಬ ಗಾಳಿಸುದ್ದಿ ಇದೆ. ನೂರಕ್ಕೆ ಇಪ್ಪತ್ತು ಬಂದರೂ ಆಡಳಿತ ಮಂಡಲಿ ಬೆವರುತ್ತದೆ. ಹೇಳಿಬಿಟ್ಟರೆ ಮತ ಎಣಿಸುವುದೇ ಇಲ್ಲ. ಮೇಲಾಗಿ ಮಾತು ತಪ್ಪಿದರೆಂದು ಎರಡು ವರ್ಷ ನಿಮ್ಮಿಂದ ಯಾವ ಗೊತ್ತುವಳಿಯನ್ನೂ ತೆಗೆದುಕೊಳ್ಳದಿರಲು ಕಂಪನಿಗೆ ಅವಕಾಶವಿದೆ.

ಕಂಪನಿಯ ಅನ್ನ ತಿಂದು, ಕಂಪನಿಯ ವಿರೋಧದ ಹೇಳಿಕೆ ಬರೆದು, ಈಗ ನಿಮಗೆ ಗುಟ್ಟು ಕಾಪಾಡುವ ಉಪಾಯ ಹೇಳಿಕೊಡುತ್ತಿದ್ದೇನೆ. ನಾನು ಯಾವ ಕಡೆಯವನು ಎಂದು ನಾಗಮಣಿ ಕೇಳಿದಳು. ಬೇಲಿ ಎಂದೆ.

ಭಾಸ್ಕರ

*

ಇರ್ವಿಂಗ್
ಮೇ ೧೩, ೨೦೧೭

ಭಾಸ್ಕರ,

ನೀನು ಅಲ್ಲೇ ಇದ್ದೆ, ನಡೆದದ್ದು ನಿನಗೆ ಗೊತ್ತು. ಆದರೂ ನನ್ನ ಕಡೆಯಿಂದ ಹೇಗಿತ್ತೆಂದು ಬರೆಯುತ್ತೇನೆ.

ಸಂಹಿತಾ ಹೋಟೆಲಿನ ತನಕ ಡ್ರೈವ್ ಮಾಡುತ್ತಾ ನನ್ನ ಮೂರು ನಿಮಿಷದ ಭಾಷಣ ಒಪ್ಪಿಸಿಕೊಂಡಳು. ಅವಳಿಗೆ ಬಳೆಯ ವಿಷಯ ಹೇಳಿರಲಿಲ್ಲ. ನಿನ್ನ ಸಲಹೆಯಂತೆ ಸುಮ್ಮನೆ ಓದಿ ಬರುವುದೆಂದೇ ನಿರ್ಧರಿಸಿದ್ದೆ. ಅಧ್ಯಕ್ಷರು ನನ್ನ ಹೆಸರು ಕರೆದರು. ಈ ದೇಶಕ್ಕೆ ಬಂದಮೇಲೆ ಮೊದಲ ಸಲ ಒಬ್ಬ ದೊಡ್ಡ ಮನುಷ್ಯ ಅದನ್ನು ಎಲ್ಲೂ ಎಡವದೆ ಹೇಳಿದ. ನೀನು ಮೈಕು ತಂದುಕೊಟ್ಟೆ, ನನ್ನ ಮುಖ ನೋಡಲಿಲ್ಲ. ಮೈಕು ಹಿಡಿದೆ, ಬಳೆ ತಾಗಿ ಇಡೀ ಹಾಲಿಗೆ ಕೇಳುವಂತೆ ಸದ್ದಾಯಿತು.

ಬೇಲಿಯಲ್ಲಿ ಏನಿದೆಯೋ ಮುಚ್ಚಿಡಬೇಡಿ ಎಂದು ಕೇಳಲು ಬಂದವಳು ಕೈಯಲ್ಲಿರುವುದನ್ನು ಮುಚ್ಚಿಟ್ಟುಕೊಂಡು ಹೇಗೆ ಕೇಳಲಿ? ಷೇರು ಮಾರಾಟವಾಗಿದೆ, ಗೊತ್ತುವಳಿ ಮಂಡಿಸುವ ಹಕ್ಕು ನನಗಿಲ್ಲ ಎಂದು ಹೇಳಿ ಕುಳಿತೆ. ಅಧ್ಯಕ್ಷರು ಥ್ಯಾಂಕ್ ಯೂ ಹೇಳಿ ಮುಂದಿನ ವಿಷಯಕ್ಕೆ ಹೋದರು. ಅದು ಲೆಕ್ಕಪರಿಶೋಧಕರ ನೇಮಕ. ಸಂಹಿತಾ ಅತ್ತಳು.

ಒಂದು ಮಾತು. ಸಭೆ ಶುರುವಾಗುವ ಮುಂಚೆ ನೀನು ವಕೀಲರ ಕಿವಿಯಲ್ಲಿ ಏನೋ ಹೇಳುತ್ತಿದ್ದೆ. ನನ್ನ ಕಡೆ ತೋರಿಸಿದೆ. ನಾನು ಹೇಳಿದಾಗ ವೇದಿಕೆಯ ಮೇಲೆ ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಏನು ಹೇಳಿದೆ ಎಂದು ಕೇಳುವುದಿಲ್ಲ. ನಿನಗೂ ಸಂಸಾರವಿದೆ.

ರಾಜಲಕ್ಷ್ಮಿ

*

ಮಿಸೌರಿ ಸಿಟಿ
ಸೆಪ್ಟೆಂಬರ್ ೨೪, ೨೦೧೭

ಅತ್ತಿಗೆ,

ಮೇ ತಿಂಗಳ ಕಾಗದಕ್ಕೆ ಈಗ ಉತ್ತರ. ನಡುವೆ ಐದಾರು ಬರೆದು ಹರಿದೆ.

ಆ ದಿನ ಸಭೆಗೆ ಮುಂಚೆ ವಕೀಲ ನನ್ನನ್ನು ಕರೆದು, ನೀನೂ ಅಲ್ಲಿಯವನೇ ಅಲ್ಲವೇ, ಆ ಹೆಂಗಸಿನ ಹೆಸರನ್ನು ಹೇಗೆ ಹೇಳುವುದು, ಅಧ್ಯಕ್ಷರು ಕೇಳುತ್ತಿದ್ದಾರೆ ಎಂದ. ಯಾವ ಹೆಂಗಸು ಎಂದು ಖಾತ್ರಿ ಮಾಡಿಕೊಳ್ಳಲು ನಿಮ್ಮ ಕಡೆ ತೋರಿಸಿ, ಬಿಡಿಸಿ ಹೇಳಿಕೊಟ್ಟೆ. ರಾ, ಜ, ಲಕ್ಷ್ಮಿ. ಅಷ್ಟೇ ನಾನು ಹೇಳಿದ್ದು. ನೀವು ಬೇರೆ ಅಂದುಕೊಂಡಿರಿ ಎಂದು ಸಿಟ್ಟು ಬಂತು. ಅಂದುಕೊಳ್ಳುವಂತೆ ಬದುಕಿದ್ದು ಯಾರು ಎಂದು ಆಮೇಲೆ ಅನ್ನಿಸಿತು.

ಹಾರ್ವಿ ಚಂಡಮಾರುತದ ವಾರ ಫೋನಿನಲ್ಲಿ ಎಲ್ಲ ಸುಖ ಎಂದೆನಲ್ಲ, ಮನೆಯ ಮಟ್ಟಿಗೆ ಅದು ನಿಜ. ಟರ್ಮಿನಲ್ಲಿನಲ್ಲಿ ಮಳೆನೀರಿನ ಭಾರಕ್ಕೆ ಒಂದು ಟ್ಯಾಂಕಿನ ತೇಲುವ ಮುಚ್ಚಳ ಮುಳುಗಿ ಪೆಟ್ರೋಲು ಬಟಾಬಯಲಾಯಿತು. ಪತ್ರಿಕೆಯವರಿಗೆ ಹೇಳಿಕೆ ಬೇಕೆಂದರು. ಬರೆದೆ: 'ಕಳವಳಕ್ಕೆ ಕಾರಣವಾಗುವ ಯಾವುದೇ ಪ್ರಮಾಣ ಮಾಪನದಲ್ಲಿ ಕಂಡುಬಂದಿಲ್ಲ.' ಪೂರ್ತಿ ನಿಜ. ಅಳೆಯುವ ಯಂತ್ರವೇ ಇಲ್ಲದಿದ್ದರೆ ಏನು ಕಂಡುಬರುತ್ತದೆ? ಮ್ಯಾನೇಜರು ಬೆನ್ನು ತಟ್ಟಿದರು. ಕಂಪನಿಗೆ ನಾನು ಬರೆದುಕೊಟ್ಟ ಮೊಟ್ಟಮೊದಲ ಪ್ರಾಸವಿಲ್ಲದ ವಾಕ್ಯ ಅದು.

ನೀರು ಇಳಿದ ಮೇಲೆ ನಮ್ಮನ್ನೆಲ್ಲ ಕೊಕ್ಕರೆ ಚಿತ್ರದ ಟೀಶರ್ಟು ತೊಡಿಸಿ, ಬೇಲಿಯಾಚೆಯ ಬೀದಿಯಲ್ಲಿ ಕುಡಿಯುವ ನೀರು ಹಂಚಲು ಕಳಿಸಿದರು. ಒಂದು ಮನೆಯ ಹಿತ್ತಲಲ್ಲಿ ಹಗ್ಗ ನೋಡಿದೆ. ಮಿಸೆಸ್ ಒರ್ಟೇಗಾ ಎಂದು ಕೇಳದೆಯೇ ಗೊತ್ತಾಯಿತು. ಮನೆಯೊಳಗೆ ಮಂಡಿಯ ಮಟ್ಟ ನೀರು ನಿಂತಿತ್ತಂತೆ. ಹಾಸಿಗೆ, ಹೊದಿಕೆ, ಮೊಮ್ಮಗಳ ಸ್ಕೂಲಿನ ಬಟ್ಟೆ, ಎಲ್ಲ ಹಿಂಡಿ ಬುಟ್ಟಿಗಳಲ್ಲಿ ತುಂಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನ ಟೀಶರ್ಟು ನೋಡಿ ಕೇಳಿದರು:

"ಇವತ್ತು ಹೊರಗೆ ಹಾಕಬಹುದಾ?"

"ಗೊತ್ತಿಲ್ಲ, ಮೇಡಂ," ಎಂದೆ.

ಅವರು ಸಿಟ್ಟಾಗಲಿಲ್ಲ. ನನ್ನ ಮುಖ ನೋಡಿದರು, ಹಗ್ಗ ನೋಡಿದರು, ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಒಳಗೆ ಗೋಡೆಗಳೇ ಒದ್ದೆ. ಎಲ್ಲಿ ಒಣಗಿಸಿದರೋ.

ಭಾಸ್ಕರ

*

ಇರ್ವಿಂಗ್
ಅಕ್ಟೋಬರ್ ೮, ೨೦೧೭

ಚಿ. ಭಾಸ್ಕರನಿಗೆ ಆಶೀರ್ವಾದ.

ನಿನ್ನನ್ನು ತಪ್ಪು ತಿಳಿದೆ. ಹೆಸರು ಅಷ್ಟು ಚೆನ್ನಾಗಿ ಹೇಳಿದಾಗಲೇ ನನಗೆ ಹೊಳೆಯಬೇಕಿತ್ತು.

ನನಗೆ ಎರಡು ವರ್ಷ ಬಾಗಿಲು ಮುಚ್ಚಿದೆ. ನೀನು ಹದಿನಾಲ್ಕು ವರ್ಷದಿಂದ ಆ ಕಂಪನಿಯಲ್ಲಿದ್ದೀಯ, ಸಂಬಳದ ಜೊತೆ ಷೇರೂ ಕೊಡುತ್ತಾರೆ ಎಂದು ಯುಗಾದಿಯ ದಿನ ಹೇಳಿದ್ದೆ. ಎಷ್ಟಿವೆ ಎಂದು ನಾನು ಆವತ್ತೂ ಕೇಳಲಿಲ್ಲ. ಇವತ್ತೂ ಕೇಳುವುದಿಲ್ಲ.

ರಾಜಲಕ್ಷ್ಮಿ

*

ಮಿಸೌರಿ ಸಿಟಿ
ಏಪ್ರಿಲ್ ೧೯, ೨೦೧೮

ಪ್ರೀತಿಯ ಅತ್ತಿಗೆಗೆ,

ನಿನ್ನೆ ಅಕ್ಷಯ ತೃತೀಯಾ. ಅಣ್ಣ ಫೋನ್ ಮಾಡಿ ಏನು ತಗೊಂಡೆ ಎಂದರು. ಏನೂ ಮಾರಲಿಲ್ಲ ಎಂದೆ. ನಾನು ಕೇಳಿದ್ದು ಅದಲ್ಲ ಎಂದರು.

ಇದರ ಜೊತೆ ಈ ವರ್ಷದ ಪುಸ್ತಿಕೆ ಇಟ್ಟಿದ್ದೇನೆ. ಕಿವಿ ಮಡಿಸಿದ ಪುಟ ತೆಗೆಯಿರಿ. ಗೊತ್ತುವಳಿಯಲ್ಲಿ ಮಾತೆಲ್ಲ ನಿಮ್ಮದೇ, ಹಾರ್ವಿಯ ಬಗ್ಗೆ ಎರಡು ಸಾಲು ಮಾತ್ರ ಸೇರಿಸಿದ್ದೇನೆ. ಕೆಳಗಿನ ಹೆಸರು ಭಾಸ್ಕರ ವೆಂಕಟಗಿರಿ. ನವೆಂಬರಿನಲ್ಲೇ ಕಳಿಸಿದೆ. ನಿಮಗೆ ಹೇಳಲಿಲ್ಲ. ಹೇಳಿದರೆ ನೀವು ನನ್ನ ಸಂಸಾರ ನೆನೆದು ಬೇಡ ಎನ್ನುತ್ತಿದ್ದಿರಿ, ನಾನು ತಕ್ಷಣ ಒಪ್ಪಿಬಿಡುತ್ತಿದ್ದೆ.

ಕೆಲಸ ಇನ್ನೂ ಇದೆ, ಕುರ್ಚಿ ಬದಲಾಗಿದೆ. ವರದಿಯಿಂದ ತೆಗೆದು, ಹಳೆಯ ಫೈಲುಗಳಿಗೆ ನಂಬರು ಹಾಕುವ ಕಡೆ ಕೂರಿಸಿದ್ದಾರೆ. ನನಗೆ ಯಾವ ತೊಂದರೆಯೂ ಆಗುವುದಿಲ್ಲ ಎಂದು ವಾರಕ್ಕೊಬ್ಬರು ಬಂದು ಹೇಳಿ ಹೋಗುತ್ತಾರೆ. ಭಯವಾಗುವುದೇ ಅದಕ್ಕೆ. ವಿರೋಧದ ಹೇಳಿಕೆ ಈ ಸಲ ಬೇರೆಯವರು ಬರೆದಿದ್ದಾರೆ. ಓದಿದೆ. ಒಂದೂ ಪ್ರಾಸವಿಲ್ಲ. ಕಂಪನಿಗೆ ಆದ ಮೊದಲ ನಷ್ಟ.

ನಾಗಮಣಿಗೆ ಈ ವರ್ಷ ಗುಂಡೂ ಇಲ್ಲ, ಬಳೆಯೂ ಇಲ್ಲ. ನಿನ್ನೆ ದೀಪ ಹಚ್ಚಿ ಬಂದು ಹೇಳಿದಳು, "ಕೆಲಸ ಹೋದ್ರೆ ಸ್ಟಾಫರ್ಡ್ ಅಂಗಡಿಗೆ ಹೋಳಿಗೆ ಮಾಡಿಕೊಡ್ತೀನಿ ಕಣ್ರೀ. ಅಲ್ಲೀವರೆಗೂ ಈ ಹಾಲಲ್ಲಿ ಶತಪಥ ಹಾಕೋದು ನಿಲ್ಸಿ, ಕಾರ್ಪೆಟ್ ಸವೀತಿದೆ." ಕೂರಲು ನೋಡಿದೆ. ಆಗಲಿಲ್ಲ.

ಸಭೆ ಮೇ ಹತ್ತಕ್ಕೆ, ಅದೇ ಆಸ್ಟಿನ್, ಅದೇ ಹೋಟೆಲು. ಮಿಸೆಸ್ ಒರ್ಟೇಗಾ ಅವರನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ. ನೀವೂ ಅತಿಥಿಯಾಗಿ ಬಂದು ಹಿಂದಿನ ಸಾಲಿನಲ್ಲಿ ಕೂರಬಹುದು. ಬಳೆ ಹಾಕಿಕೊಂಡೇ ಬನ್ನಿ. ಬರಲೇಬೇಕು, ಯಾಕೆಂದರೆ ವಕೀಲ ಈ ಸಲ ನನ್ನ ಹೆಸರನ್ನು ಹೇಗೆ ಹೇಳುವುದೆಂದು ನನ್ನನ್ನೇ ಕೇಳಲಾರ. ನಿಮ್ಮ ಹತ್ತಿರ ಬಂದರೆ ಹೇಳಿಕೊಡಿ. ಭಾಸ್ಕರ ಎನ್ನಲು ಮೊದಲಕ್ಷರಕ್ಕೇ ಎದೆಯಿಂದ ಉಸಿರು ಬೇಕು. ಇವರಿಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಊದಿ, ಇನ್ನೂ ಊದಿ ಎನ್ನಿ.

ನಿಮ್ಮ
ಭಾಸ್ಕರ